ಪ್ರೆಸ್ ಕೌನ್ಸಿಲ್ ದೂರು ವಾಪಸ್ ಬಂದದ್ದು ಯಾಕೆ

ಕೆರೆ ಸಮಿತಿ ಹಣ ನುಂಗಿದೆಯೆಂಬ ವಾರಪತ್ರಿಕೆಯ ವರದಿ ಬಗ್ಗೆ ನೀವು ಪ್ರೆಸ್ ಕೌನ್ಸಿಲ್‌ಗೆ (ಪತ್ರಿಕೆಗಳ ಮೇಲಿನ ದೂರು ವಿಚಾರಿಸುವ ಸಂಸ್ಥೆ) ಕೊಟ್ಟ ದೂರು ವಾಪಸ್ ಬಂದದ್ದು ಬಹುಶಃ ಮೊದಲು ಸಂಪಾದಕರಿಗೆ ಬರೆಯದ ಕಾರಣಕ್ಕೆ. ಕೌನ್ಸಿಲ್ ಪತ್ರ ನೋಡದೆ ಖಚಿತವಾಗಿ ಹೇಳಲಾರೆ.

ಈಗಲೇ ಸಂಪಾದಕರಿಗೆ ಸ್ಪೀಡ್ ಪೋಸ್ಟ್ ಮಾಡಿ. ಯಾವ ಸಾಲು ಸುಳ್ಳು, ಯಾಕೆ ಎಂದು ಬರೆದು, ಲೆಕ್ಕಪತ್ರದ ಪ್ರತಿ ಲಗತ್ತಿಸಿ, ಸ್ಪಷ್ಟನೆ ಕೇಳಿ. ‘ಮಾನಹಾನಿ’ ಎಂದು ಬರೀ ಗುಡುಗಿದರೆ ಪ್ರಯೋಜನವಿಲ್ಲ. ರಸೀದಿ ಜೋಪಾನ.

ಉತ್ತರ ಬರದಿದ್ದರೆ, ಬಂದದ್ದು ಸರಿಯಿಲ್ಲದಿದ್ದರೆ, ಮತ್ತೆ ಕೌನ್ಸಿಲ್‌ಗೆ: ವರದಿಯ ತುಣುಕು, ಅದರ ಇಂಗ್ಲಿಷ್ ಅನುವಾದ (ಇದನ್ನೇ ಹಲವರು ಮರೆಯುವುದು), ಸಂಪಾದಕರಿಗೆ ಬರೆದ ಪತ್ರದ ಪ್ರತಿ, ವಿಷಯ ಕೋರ್ಟಿನಲ್ಲಿಲ್ಲವೆಂಬ ಘೋಷಣೆ. ವಾರಪತ್ರಿಕೆಯಾದರೆ ಕೌನ್ಸಿಲ್‌ಗೆ ದೂರು ಕೊಡಲು ಗಡುವು ವರದಿ ಪ್ರಕಟವಾದ ದಿನದಿಂದ 2 ತಿಂಗಳು. ಮೀರಿದ್ದರೆ ಕಾರಣ ಬರೆದು ವಿಳಂಬ ಮನ್ನಿಸಲು ಕೋರಿ.

1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯಡಿ ಸಿಗುವುದು ಪತ್ರಿಕೆಗೆ ಎಚ್ಚರಿಕೆ ಅಥವಾ ಛೀಮಾರಿ, ದಂಡವಲ್ಲ. ಪರಿಹಾರದ ಹಣ ಬೇಕಿದ್ದರೆ ಸಿವಿಲ್ ಕೋರ್ಟೇ ಗತಿ, ಆದರೆ ಅಲ್ಲಿ ದಾವೆ ಹೂಡಿದರೆ ಕೌನ್ಸಿಲ್ ವಿಚಾರಣೆ ನಡೆಯುವುದಿಲ್ಲ.