ಮಲೆನಾಡಿನ ಮಳೆಗೆ ಮನೆ ಬೇಲಿಯ ಗೂಟ ಬೇಗ ಕೊಳೆಯುತ್ತದೆ, ಏನು ಮಾಡಬೇಕು?

ಗೂಟ ಮೊದಲು ಕೊಳೆಯುವುದು ನೆಲಮಟ್ಟದಲ್ಲಿ. ಅಲ್ಲಿ ನೀರೂ ಸಿಗುತ್ತದೆ, ಗಾಳಿಯೂ ಸಿಗುತ್ತದೆ, ಶಿಲೀಂಧ್ರಕ್ಕೆ ಅಷ್ಟು ಸಾಕು. ಮೇಲಿಂದ ಗಟ್ಟಿಯಾಗೇ ಕಾಣುತ್ತದೆ. ಬುಡದ ಮಣ್ಣು ನಾಲ್ಕು ಬೆರಳು ಕೆದರಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಇಳಿದರೆ ಆ ಗೂಟದ ಕಥೆ ಮುಗಿಯಿತು ಅಂತಲೇ ಲೆಕ್ಕ.

ಇಡೀ ಬೇಲಿ ಕೀಳಬೇಕಿಲ್ಲ. ಪಕ್ಕದಲ್ಲೇ ಕಲ್ಲುಕಂಬ ನೆಟ್ಟು, ಹಳೇ ಗೂಟವನ್ನು ಜಿಐ ತಂತಿಯಿಂದ (ಸತು ಲೇಪಿಸಿದ ಕಬ್ಬಿಣದ ತಂತಿ) ಬಿಗಿದು, ಕೊಳೆತ ಬುಡ ಕತ್ತರಿಸಿ ಹಾಕಿ.

ಹೊಸದಾಗಿ ನೆಡುವುದಾದರೆ ಕೆಚ್ಚು (ಒಳಗಿನ ಗಟ್ಟಿ ಭಾಗ) ಇರುವ ಮರವನ್ನೇ ಆರಿಸಿ, ಹೊರಗಿನ ಬಿಳಿ ಭಾಗ ಬೇಗ ಹಾಳಾಗುತ್ತದೆ. ಗುಂಡಿಯ ತಳಕ್ಕೆ ಜಲ್ಲಿ ಹಾಕಿ. ಗೂಟದ ತಲೆಯನ್ನು ಓರೆಯಾಗಿ ಕತ್ತರಿಸಿ, ನೀರು ಇಳಿದುಹೋಗಲಿ. ಕಾಂಕ್ರೀಟ್ ಹಾಕಿದರೆ ಗೂಟದ ಸುತ್ತ ಅದನ್ನು ನೆಲಕ್ಕಿಂತ ಎತ್ತರಿಸಿ, ಹೊರಕ್ಕೆ ಇಳಿಜಾರು ಕೊಡಿ. ಸುಮ್ನೆ ಬಟ್ಟಲಿನ ಹಾಗೆ ಬಿಟ್ಟರೆ ನೀರು ಅಲ್ಲೇ ನಿಲ್ಲುತ್ತದೆ.

ಜಾಗ ಇದ್ದರೆ ನನ್ನ ಆಯ್ಕೆ ಜೀವಂತ ಬೇಲಿಯೇ. ಗ್ಲಿರಿಸಿಡಿಯಾ ಅಥವಾ ಹಾಲುವಾಣದ ಗೂಟವನ್ನು ಮಳೆ ಶುರುವಾಗುವಾಗ ನೆಟ್ಟರೆ ಬೇರು ಬಿಡುತ್ತದೆ. ಗ್ಲಿರಿಸಿಡಿಯಾ ಸೊಪ್ಪು ತೋಟಕ್ಕೆ ಒಳ್ಳೆ ಗೊಬ್ಬರ ಕೂಡ. ಕಾಂಡ ಬಲಿಯುವವರೆಗೆ ತಂತಿ ಬಿಗಿಯಬೇಡಿ.