ನಿಮ್ಮ ಎರಡನೆಯ ಪುಟದ ಮೂರು ವಾಕ್ಯಗಳು

ಪ್ರಿಯ ಮಿತ್ರರೇ,

ಕಣ್ಣಿಗೆ ಕಾಣದಷ್ಟು ಸಣ್ಣದಾದ ನ್ಯಾನೊಕಣಗಳ ಮೂಲಕ ಕ್ಯಾನ್ಸರ್ ಗಡ್ಡೆಗೆ ಔಷಧ ತಲುಪಿಸುವ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಓದಿದೆ. ಭಾಷೆ ತಿಳಿಯಾಗಿದೆ, ಔಷಧ ತುಂಬುವ ಕೊಬ್ಬಿನ ಪುಟ್ಟ ಗುಳ್ಳೆಯಾದ ಲೈಪೊಸೋಮಿನ ರಚನೆಯನ್ನು ಚೆನ್ನಾಗಿ ವಿವರಿಸಿದ್ದೀರಿ. ಆದರೆ ಎರಡನೆಯ ಪುಟದ ಮೂರು ವಾಕ್ಯಗಳು ನನ್ನನ್ನು ಕೆರಳಿಸಿವೆ. ಉಳಿದದ್ದನ್ನು ಬದಿಗಿಟ್ಟು ಅವುಗಳ ಬಗ್ಗೆಯೇ ಬರೆಯುತ್ತೇನೆ.

"ಔಷಧ ಹೊತ್ತ ಕಣ ರಾಮಬಾಣದಂತೆ ಗಡ್ಡೆಯನ್ನೇ ಹುಡುಕಿಕೊಂಡು ಹೋಗುತ್ತದೆ." ಯಾವ ಕಣವೂ ಹುಡುಕುವುದಿಲ್ಲ, ರಕ್ತ ಒಯ್ದಲ್ಲಿಗೆ ಹೋಗುತ್ತದೆ. ಗಡ್ಡೆಯೊಳಗೆ ಅವಸರದಲ್ಲಿ ಬೆಳೆದ ರಕ್ತನಾಳಗಳ ಗೋಡೆಯಲ್ಲಿ ಸಂದುಗಳಿರುತ್ತವೆ; ನೂರು ನ್ಯಾನೊಮೀಟರ್ ಆಸುಪಾಸಿನ ಕಣ ಅಲ್ಲಿಂದ ಹೊರಕ್ಕೆ ಜಿನುಗಬಹುದು. ಹಾಗೆ ಜಿನುಗಿದ್ದನ್ನು ಸಾಗಿಸಬೇಕಾದ ದುಗ್ಧನಾಳಗಳು (ಲಿಂಫ್ ನಾಳಗಳು) ಅಲ್ಲಿ ಸರಿಯಾಗಿ ಕೆಲಸ ಮಾಡದ ಕಾರಣ ಕಣ ಅಲ್ಲೇ ಉಳಿಯಬಹುದು. 1986ರಲ್ಲಿ ಜಪಾನಿನ ಮತ್ಸುಮುರಾ ಮತ್ತು ಮಯೇಡಾ ತೋರಿಸಿಕೊಟ್ಟದ್ದು ಇದನ್ನೇ. ಆದರೆ ಇಲಿಯ ಗಡ್ಡೆಯಲ್ಲಿ ಕಾಣುವಷ್ಟು ಸೋರಿಕೆ ಮನುಷ್ಯರ ಎಲ್ಲ ಗಡ್ಡೆಗಳಲ್ಲೂ ಇರುವುದಿಲ್ಲ. ಕ್ಯಾನ್ಸರ್ ಕೋಶವನ್ನು ಹಿಡಿದುಕೊಳ್ಳಲೆಂದು ಕಣದ ಮೈಗೆ ಫೋಲಿಕ್ ಆಮ್ಲವನ್ನೋ ಪ್ರತಿಕಾಯವನ್ನೋ (ಆ್ಯಂಟಿಬಾಡಿ) ಅಂಟಿಸಿದರೂ, ಕಣ ಕ್ಯಾನ್ಸರ್ ಕೋಶದ ಪಕ್ಕಕ್ಕೆ ಬಂದ ಮೇಲಷ್ಟೇ ಅದರ ಉಪಯೋಗ.

"ಆರೋಗ್ಯವಂತ ಅಂಗಗಳನ್ನು ಅದು ಮುಟ್ಟುವುದೇ ಇಲ್ಲ." ಮುಟ್ಟುತ್ತದೆ! ಯಕೃತ್ತು ಮತ್ತು ಗುಲ್ಮ (ಸ್ಪ್ಲೀನ್) ಈ ಕಣಗಳ ದೊಡ್ಡ ಪಾಲನ್ನು ದಾರಿಯಲ್ಲೇ ಹಿಡಿದುಕೊಳ್ಳುತ್ತವೆ. 2016ರಲ್ಲಿ ಟೊರೊಂಟೊದ ಸಂಶೋಧಕರು ಅದರ ಹಿಂದಿನ ಹತ್ತು ವರ್ಷಗಳಲ್ಲಿ ಪ್ರಾಣಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಚುಚ್ಚಿದ ಕಣಗಳಲ್ಲಿ ಗಡ್ಡೆಗೆ ತಲುಪಿದ್ದು, ಮಧ್ಯಾಂಕದ (ಫಲಿತಾಂಶಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಅಂಕಿಯ) ಲೆಕ್ಕದಲ್ಲಿ, ಶೇ. 0.7 ಮಾತ್ರ. ಈ ಅಂಕಿಯನ್ನು ಬಿಟ್ಟು ಈ ವಿಷಯದ ಮೇಲೆ ಹೇಗೆ ಬರೆದಿರಿ?

ನಾನು ಮುಂಬಯಿಯ ಫೋರ್ಟಿನಲ್ಲಿದ್ದ ಒಂದು ಕನ್ನಡ ವಾರಪತ್ರಿಕೆಗೆ ಕರಡು ತಿದ್ದಲು ಸೇರಿದಾಗ, ಚಿಕಿತ್ಸೆಯ ಕುರಿತ ಬರಹ ಬಂತೆಂದರೆ ಸಂಪಾದಕರು ಕೆಂಪು ಪೆನ್ಸಿಲನ್ನು ಕೈಗಿಟ್ಟು "ಕ್ರಿಯಾಪದಗಳ ಕೆಳಗೆಲ್ಲ ಗೆರೆ ಎಳೆ" ಎನ್ನುತ್ತಿದ್ದರು. ಗೆರೆ ಬಿದ್ದಲ್ಲೆಲ್ಲ ಪ್ರಶ್ನೆ: ಯಾರು ನೋಡಿದರು, ಯಾರಲ್ಲಿ, ಎಷ್ಟು ಪಾಲು? ಉತ್ತರವಿಲ್ಲದ ವಾಕ್ಯ ಅಚ್ಚಿನ ಮೊಳೆ ಜೋಡಿಸುವವರ ಬಳಿಗೆ ಹೋಗುತ್ತಿರಲಿಲ್ಲ. ಕೊನೆಯ ಲೋಕಲ್ ತಪ್ಪುವ ಹೊತ್ತಾದರೂ ಅವರು ಬಿಡುತ್ತಿರಲಿಲ್ಲ. ನಾವು ಅಚ್ಚು ಹಾಕಿದ ಒಂದು ಸಾಲನ್ನು ನಂಬಿ ಊರಲ್ಲಿ ಹೊಲ ಮಾರಿ ರೈಲು ಹತ್ತುವವರಿದ್ದಾರೆ ಎನ್ನುತ್ತಿದ್ದರು. ನಾನು ಬರೆಯಲು ಕಲಿತದ್ದು ಆ ಮೇಜಿನ ಎದುರು.

ಮೂರನೆಯದು: "ಅಡ್ಡಪರಿಣಾಮಗಳ ಕಾಲ ಮುಗಿಯಿತು." ಮುಂಬಯಿಯ ದಾದರಿನ ಧರ್ಮಶಾಲೆಯಲ್ಲಿ ವಿಜಯಪುರ ಕಡೆಯ ತಾಯಿಯೊಬ್ಬರು ನನಗೆ ತಮ್ಮ ಅಂಗೈ ತೋರಿಸಿದ್ದರು. ಅವರಿಗೆ ಕೊಡುತ್ತಿದ್ದುದು ನೀವು ಹೊಗಳಿರುವ ಔಷಧವೇ, ಲೈಪೊಸೋಮಿನೊಳಗಿಟ್ಟ ಡಾಕ್ಸೊರುಬಿಸಿನ್. ಬೆರಳುಗಳ ಬುಡದಲ್ಲಿ ಚರ್ಮ ಕೆಂಪಾಗಿ ಸುಲಿಯುತ್ತಿತ್ತು. ರೊಟ್ಟಿ ತಟ್ಟುವುದಿರಲಿ, ಚಹಾದ ಲೋಟ ಹಿಡಿದರೂ ಉರಿಯುತ್ತದೆ ಎಂದರು. ಈ ಔಷಧ ಕೈಕಾಲುಗಳ ಚರ್ಮಕ್ಕೆ ಹೀಗೆ ಮಾಡುವುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ.

ಡಾಕ್ಸಿಲ್ ಹೆಸರಿನಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1995ರಲ್ಲಿ. ಹರಡಿದ ಸ್ತನ ಕ್ಯಾನ್ಸರ್ ಇದ್ದ ಮಹಿಳೆಯರಲ್ಲಿ ಇದನ್ನು ಲೈಪೊಸೋಮಿಲ್ಲದ ಹಳೆಯ ಡಾಕ್ಸೊರುಬಿಸಿನ್ ಜೊತೆ ಹೋಲಿಸಿದ ಪರೀಕ್ಷೆಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ರೋಗವನ್ನು ತಡೆದು ನಿಲ್ಲಿಸುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಆದರೆ ಹೃದಯಕ್ಕೆ ಆಗುವ ಹಾನಿ ಹೊಸದರಲ್ಲಿ ಬಹಳ ಕಡಿಮೆಯಾಗಿತ್ತು. ಚಿಕಿತ್ಸೆ ಮುಗಿಸಿದ ಹೆಂಗಸು ಏದುಸಿರಿಲ್ಲದೆ ಮೆಟ್ಟಿಲು ಹತ್ತುವುದೆಂದರೆ ಎಷ್ಟು ದೊಡ್ಡ ಮಾತು! ನಿಮ್ಮ ಲೇಖನದ ಜೀವ ಇರಬೇಕಾದದ್ದು ಇಲ್ಲಿ. ನೀವು ಅದನ್ನು ಪ್ರಸ್ತಾಪಿಸಿಯೇ ಇಲ್ಲ.

ರಾಮಬಾಣವನ್ನು ತೆಗೆದುಹಾಕಿ. ಹೃದಯದ ಸಂಗತಿಯನ್ನು ಮೊದಲ ಪುಟಕ್ಕೆ ತನ್ನಿ, ಶೇ. 0.7ರ ಲೆಕ್ಕವನ್ನು ಮುಚ್ಚಿಡದೆ ಬರೆಯಿರಿ. ಈ ತಿಂಗಳ 20ರೊಳಗೆ ಪ್ರತಿ ತಲುಪಿದರೆ ಮುಂದಿನ ಸಂಚಿಕೆಯಲ್ಲೇ ನಾಲ್ಕು ಪುಟ ಕೊಡುತ್ತೇನೆ.

ಸಂಪಾದಕ