ದತ್ತು ಮಗಳು ಇನ್ನೂ ನಡೆಯುತ್ತಿಲ್ಲ, ಕಾಯಬಹುದೇ?

ಪ್ರಶ್ನೆ: ಹೊರರಾಜ್ಯದ ದತ್ತು ಸಂಸ್ಥೆಯಿಂದ 20 ತಿಂಗಳ ಹೆಣ್ಣುಮಗುವನ್ನು ದತ್ತುಪೂರ್ವ ಪೋಷಕತ್ವದಡಿ ಮನೆಗೆ ಕರೆತಂದಿದ್ದೇವೆ. ತೂಕ 8.2 ಕೆ.ಜಿ. ಹಿಡಿದು ನಿಲ್ಲುತ್ತಾಳೆ, ನಡೆಯುವುದಿಲ್ಲ, ಮಾತಿಲ್ಲ. ತಟ್ಟೆ ಎತ್ತಿದರೆ ಅಳುತ್ತಾಳೆ. ಯಾರು ಕೈಚಾಚಿದರೂ ಹೋಗುತ್ತಾಳೆ. ಲಸಿಕೆ ಕಾರ್ಡಿನಲ್ಲಿ ಕೆಲವು ಕಡೆ ಖಾಲಿ ಇದೆ. ‘ಮನೆಯೂಟ ಹತ್ತಿದರೆ ಎಲ್ಲ ಸರಿಹೋಗುತ್ತೆ’ ಅನ್ನುತ್ತಾರೆ ನಮ್ಮತ್ತೆ. ಕಾಯೋಣವೇ?
– ಓದುಗರು, ಮಂಡ್ಯ

ಉತ್ತರ: ಅತ್ತೆಯವರ ಮಾತು ಅರ್ಧ ನಿಜ. ಸಂಸ್ಥೆಯಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಒಂದು ತಿಂಗಳ ಬೆಳವಣಿಗೆ ಹಿಂದೆ ಬೀಳುತ್ತದೆಂಬುದು ಮಕ್ಕಳ ವೈದ್ಯರ ಸ್ಥೂಲ ಲೆಕ್ಕ; ಬಹುಪಾಲು ಮಕ್ಕಳು ಅದನ್ನು ತುಂಬಿಕೊಳ್ಳುತ್ತಾರೆ. ಆದರೆ 18 ತಿಂಗಳು ಕಳೆದೂ ನಡೆಯದ ಮಗುವನ್ನು ತೋರಿಸದೆ ಇರಬಾರದು. ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ) ಎಂಬ ವಿಭಾಗವಿದ್ದರೆ ಅಲ್ಲಿ ಬೆಳವಣಿಗೆಯ ತಪಾಸಣೆ, ಫಿಸಿಯೊಥೆರಪಿ ಉಚಿತ. ವಾಕರ್ ಮಾತ್ರ ತರಬೇಡಿ, ಅದು ನಡಿಗೆಯನ್ನು ಇನ್ನಷ್ಟು ತಡಮಾಡುತ್ತದೆ.

ಮಾತಿನ ವಿಷಯದಲ್ಲಿ ಮೊದಲು ಕಿವಿ. ಇಷ್ಟು ದಿನ ಬೇರೆ ಭಾಷೆ ಕೇಳಿದವಳಿಗೆ ಕನ್ನಡ ಹೊಸದು, ಸರಿ. ಆ ಸಮಾಧಾನದಲ್ಲೇ ಕಿವುಡುತನ ಗೊತ್ತಾಗದೆ ಉಳಿದುಬಿಡುತ್ತದೆ. ತಟ್ಟೆ ಬಡಿದಾಗ ತಿರುಗಿದಳೆಂದರೆ ಸಾಲದು. ದೊಡ್ಡ ಸದ್ದು ಕೇಳಿಸಿ ಮಾತು ಸ್ಪಷ್ಟವಾಗದ ಮಕ್ಕಳೂ ಇದ್ದಾರೆ. ಸದ್ದು ಕಿವಿಯಿಂದ ಮಿದುಳಿಗೆ ತಲುಪುತ್ತಿದೆಯೇ ಎಂದು ನಿದ್ದೆಯಲ್ಲಿ ನೋಡುವ ಬೆರಾ ಪರೀಕ್ಷೆ ಮಾಡಿಸಿ. ನಿಮಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಹತ್ತಿರ. ಜನನ ತೂಕ, ಅವಧಿಪೂರ್ವ ಹೆರಿಗೆಯ ವಿವರವನ್ನು ದತ್ತು ಸಂಸ್ಥೆಯಿಂದ ಬರೆಸಿಕೊಳ್ಳಿ. ಅವಧಿಗೆ ಮುಂಚೆ ಹುಟ್ಟಿದ್ದರೆ ಕಣ್ಣಿನ ತಪಾಸಣೆಯೂ ಬೇಕು.

ಈ ವಯಸ್ಸಿನ ಹೆಣ್ಣುಮಗುವಿನ ಸರಾಸರಿ ತೂಕ 10.6 ಕೆ.ಜಿ., ಹಾಗಾಗಿ ಇವಳದು ಕಡಿಮೆಯೇ. ಹಳೆಯ ವರದಿ ಇದ್ದರೂ ಹಿಮೋಗ್ಲೋಬಿನ್, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಹೊಸದಾಗಿ ಆಗಲಿ. ಇತ್ತೀಚಿನ ಸೋಂಕು ತಕ್ಷಣ ಕಾಣಿಸದಿರಬಹುದು, ಆದ್ದರಿಂದ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಗಳು ಆರು ತಿಂಗಳ ನಂತರ ಮತ್ತೊಮ್ಮೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಕಬ್ಬಿಣಾಂಶದ ಸಿರಪ್ ಬೇಕು: ತೂಕದ ಕಿಲೋಗೆ ದಿನಕ್ಕೆ 3 ಮಿ.ಗ್ರಾಂ, ಅಂದರೆ ಇವಳಿಗೆ ಸುಮಾರು 25 ಮಿ.ಗ್ರಾಂ. ಬಾಟಲಿಯ ಮೇಲೆ ಲವಣದ ತೂಕವೇ ದೊಡ್ಡದಾಗಿ ಅಚ್ಚಾಗಿರುತ್ತದೆ, ಲೆಕ್ಕಕ್ಕೆ ಬರುವುದು ಎಲಿಮೆಂಟಲ್ ಐರನ್ (ಆ ಲವಣದಲ್ಲಿರುವ ನಿಜವಾದ ಕಬ್ಬಿಣ), ಎಷ್ಟು ಎಂ.ಎಲ್. ಎಂದು ವೈದ್ಯರಿಂದಲೇ ಬರೆಸಿಕೊಳ್ಳಿ. ಹಾಲಿನ ಜೊತೆ ಕೊಟ್ಟರೆ ಮೈಗೆ ಹತ್ತುವುದಿಲ್ಲ, ಮೋಸಂಬಿ ರಸದ ಜೊತೆ ಕೊಡಿ. ಮಲ ಕಪ್ಪಾದರೆ ಗಾಬರಿ ಬೇಡ. ತೂಕ ಏರಲೆಂದು ಲೀಟರುಗಟ್ಟಲೆ ಹಾಲು ಕುಡಿಸುವುದೇ ರಕ್ತಹೀನತೆಗೆ ದಾರಿ. ದಿನಕ್ಕೆ ಅರ್ಧ ಲೀಟರ್ ಮೀರದಿರಲಿ. ಜಂತುಹುಳುವಿಗೆ ಅಲ್ಬೆಂಡಜೋಲ್ ಅರ್ಧ ಮಾತ್ರೆ, 200 ಮಿ.ಗ್ರಾಂ, ಪುಡಿಮಾಡಿ ನೀರಿನಲ್ಲಿ.

ಕಾರ್ಡಿನಲ್ಲಿ ಖಾಲಿ ಇರುವ ಲಸಿಕೆ ಹಾಕಿಲ್ಲವೆಂದೇ ಹಿಡಿಯಿರಿ. ಅಕಸ್ಮಾತ್ ಎರಡು ಸಲವಾದರೂ ಸಾಮಾನ್ಯವಾಗಿ ತೊಂದರೆಯಿಲ್ಲ, ನಿಂತ ಸರಣಿಯನ್ನು ಮೊದಲಿನಿಂದ ಶುರುಮಾಡಬೇಕಿಲ್ಲ. ದಡಾರ-ರುಬೆಲ್ಲಾದ ಎರಡನೇ ಡೋಸ್ ಮತ್ತು ಡಿಪಿಟಿ ಬೂಸ್ಟರ್‌ಗೆ ಈಗಲೇ ಸಮಯ, 16–24 ತಿಂಗಳೊಳಗೆ.

ತಟ್ಟೆಗೆ ಅಳುವುದು ಹೊಟ್ಟೆಬಾಕತನವಲ್ಲ. ಹೊತ್ತಿಗೆ ಸರಿಯಾಗಿ ದಿನಕ್ಕೆ ಐದು ಬಾರಿ ಕೊಡಿ, ಹೆಚ್ಚುವರಿ ಇಡ್ಲಿ ತುಂಡು ಕಣ್ಣಿಗೆ ಬೀಳುವಂತೆ ಬಟ್ಟಲಲ್ಲಿರಲಿ. ಎಲ್ಲರ ಬಳಿ ಹೋಗುವುದನ್ನು ‘ಹೊಂದಿಕೊಂಡುಬಿಟ್ಟಳು’ ಎಂದು ನೆಂಟರು ಮೆಚ್ಚುತ್ತಾರೆ. ನಿಜವಾಗಿ ತನ್ನವರು ಯಾರೆಂದು ಅವಳಿಗಿನ್ನೂ ತಿಳಿದಿಲ್ಲ. ಎರಡು-ಮೂರು ತಿಂಗಳು ಊಟ, ಸ್ನಾನ, ಮಲಗಿಸುವುದು ನೀವಿಬ್ಬರೇ ಮಾಡಿ. ಅತ್ತೆಯವರು ಪಕ್ಕದಲ್ಲಿ ಕೂತು ಆಡಿಸಲಿ.